ಮುಂಬಯಿಯ ಕಾಲಡಿಯ ನಕ್ಷೆ ಯಾರ ಬಳಿ ಇದೆ?

ಮುಂಬಯಿಯ ದೊಡ್ಡ ಸುದ್ದಿಗಳೆಲ್ಲ ಈಗ ನೆಲದಡಿಯಿಂದ ಬರುತ್ತಿವೆ. 33.5 ಕಿಲೋಮೀಟರ್ ಉದ್ದದ ಮೆಟ್ರೊ 3 ಮಾರ್ಗ 2025ರ ಅಕ್ಟೋಬರ್‌ನಲ್ಲಿ ಪೂರ್ತಿಯಾಗಿ ತೆರೆಯಿತು. ಬಾಂದ್ರಾ-ಕುರ್ಲಾ ಸಂಕೀರ್ಣದಿಂದ ಶಿಳ್‌ಫಾಟಾದವರೆಗೆ ಬುಲೆಟ್ ರೈಲಿಗಾಗಿ 21 ಕಿ.ಮೀ. ಸುರಂಗ ಸಿದ್ಧವಾಗುತ್ತಿದೆ, ಅದರಲ್ಲಿ 7 ಕಿ.ಮೀ. ಥಾಣೆ ಕೊಲ್ಲಿಯ ನೀರಿನಡಿಯಲ್ಲೇ ಸಾಗುತ್ತದೆ. ಥಾಣೆ-ಬೊರಿವಲಿ ನಡುವೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕೆಳಗೆ, ಗೋರೆಗಾಂವ್-ಮುಲುಂಡ್ ನಡುವೆ ಗುಡ್ಡಗಳ ಕೆಳಗೆ, ಆರೆಂಜ್ ಗೇಟ್‌ನಿಂದ ಮರೀನ್ ಡ್ರೈವ್‌ಗೆ ಹಳೆಯ ಪೇಟೆಯ ಕೆಳಗೆ ಜೋಡಿ ಸುರಂಗಗಳ ಕೆಲಸ ಹಿಡಿದಿದೆ. ಇಷ್ಟರ ಮೇಲೆ ನಗರದಡಿ ಸುರಂಗ ರಸ್ತೆಗಳ ಜಾಲವನ್ನೇ ನೇಯುವ ಯೋಜನೆಯನ್ನು ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ‘ಪಾತಾಳ ಲೋಕ’ ಎಂಬ ಹೆಸರಿನಿಂದ ಮುಂದಿಟ್ಟಿದ್ದಾರೆ.

ಇಂಥ ಸುದ್ದಿಗಳ ಬೆನ್ನಿಗೇ ‘ಭೂಗರ್ಭ ಸಮೀಕ್ಷೆ’, ‘ಸೈಸ್ಮಿಕ್ ಪರೀಕ್ಷೆ’ ಎಂಬ ಮಾತುಗಳೂ ಬರುತ್ತವೆ. ಅಲ್ಲಿಂದ ಗೊಂದಲ ಶುರುವಾಗುತ್ತದೆ. ಸೈಸ್ಮಿಕ್ ಎಂದರೆ ಭೂಕಂಪಕ್ಕೆ ಸಂಬಂಧಿಸಿದ್ದು ಎಂದಷ್ಟೇ ಬಹಳ ಜನರಿಗೆ ಗೊತ್ತು. ಹಾಗಾದರೆ ನೆಲವನ್ನು ಇವರೇ ನಡುಗಿಸುತ್ತಾರೆಯೇ? ಎಣ್ಣೆಯನ್ನು ಹುಡುಕುತ್ತಿದ್ದಾರೆಯೇ? ಡೊಂಬಿವಲಿ, ಭಾಂಡುಪ್, ಮಾಟುಂಗದ ನಲವತ್ತು-ಐವತ್ತು ವರ್ಷ ಹಳೆಯ ಕಟ್ಟಡಗಳಲ್ಲಿ ಸಂಸಾರ ಹೂಡಿರುವ ಕನ್ನಡಿಗರಿಗೆ ಇನ್ನೂ ಒಂದು ಚಿಂತೆ ಇದೆ: ಗೋಡೆ ಬಿರುಕು ಬಿಟ್ಟರೆ ಯಾರನ್ನು ಕೇಳುವುದು?

ಈ ಪ್ರಶ್ನೆಗಳಿಗೆಲ್ಲ ಉತ್ತರವಿದೆ. ಆದರೆ ಇವುಗಳ ಹಿಂದೆ, ಯಾರೂ ಗಟ್ಟಿಯಾಗಿ ಕೇಳದ ಇನ್ನೊಂದು ಪ್ರಶ್ನೆ ಅಡಗಿದೆ. ಇಷ್ಟೆಲ್ಲ ಕೊರೆಯುತ್ತಿರುವ ನಗರದ ಕಾಲಡಿಯಲ್ಲಿ ಏನಿದೆ ಎಂಬ ತಿಳಿವಳಿಕೆ ಎಲ್ಲಿ, ಯಾರ ಕಪಾಟಿನಲ್ಲಿ ಸೇರುತ್ತಿದೆ?

ಒಂದು ಪದ, ನಾಲ್ಕು ಕೆಲಸ

‘ಸೈಸ್ಮಿಕ್’ ಎಂಬ ಒಂದೇ ಪದದಡಿ ಕನಿಷ್ಠ ನಾಲ್ಕು ಬೇರೆ ಬೇರೆ ಕೆಲಸಗಳು ನಡೆಯುತ್ತವೆ.

ಮೊದಲನೆಯದು ಬರಿಯ ಆಲಿಸುವಿಕೆ. ಭೂಕಂಪಮಾಪಕವನ್ನು ನೆಲದಲ್ಲಿ ಹೂಳಿ, ಪ್ರಕೃತಿ ತಾನಾಗಿ ಕಂಪಿಸಿದಾಗ ದಾಖಲಿಸುವುದು. ಪಾಲ್ಘರ್ ಜಿಲ್ಲೆಯ ಡಹಾಣು, ತಲಾಸರಿ ಸುತ್ತ 2018ರ ನವೆಂಬರ್‌ನಿಂದ ಸಣ್ಣ ಕಂಪನಗಳ ಸರಣಿ ಶುರುವಾದಾಗ ವಿಜ್ಞಾನಿಗಳು ಮಾಡಿದ್ದು ಈ ಕೆಲಸವನ್ನು. ಎರಡನೆಯದು ಮೇಲ್ಪದರದ ಪರೀಕ್ಷೆ: ಸುತ್ತಿಗೆಯಿಂದ ಬಡಿದು, ನೆಲದ ಮೇಲ್ಮೈಗುಂಟ ಹರಿಯುವ ಅಲೆಗಳಿಂದ ಮೊದಲ ಮೂವತ್ತು ಮೀಟರ್ ಮಣ್ಣು ಎಷ್ಟು ಬಿಗಿಯಾಗಿದೆ ಎಂದು ಅಳೆಯುವುದು. ಮೂರನೆಯದು ವಕ್ರೀಭವನ, ಅಂದರೆ ಕೆಳಗಿನ ಗಟ್ಟಿ ಪದರದ ಮೇಲ್ಭಾಗದಗುಂಟ ಓಡಿ ಮತ್ತೆ ಮೇಲೆ ಬರುವ ಅಲೆಯನ್ನು ಹಿಡಿಯುವುದು. ಥಾಣೆ ಕೊಲ್ಲಿಯ ಅಡಿಯ ಬಂಡೆಯನ್ನು ಬುಲೆಟ್ ರೈಲಿಗಾಗಿ ಪರೀಕ್ಷಿಸಿದಾಗ ಬಳಸಿದ್ದು ಈ ವಿಧಾನ. ನಾಲ್ಕನೆಯದು ಪ್ರತಿಫಲನ: ಆಳದ ಪದರಗಳಿಗೆ ತಗುಲಿ ಮರಳುವ ಪ್ರತಿಧ್ವನಿಯನ್ನು ಕೇಳುವುದು. ಕೆಲವು ಕಿಲೋಮೀಟರ್ ಆಳದ ರಚನೆಯನ್ನು ಚಿತ್ರದಂತೆ ತೋರಿಸಬಲ್ಲದ್ದು ಮುಖ್ಯವಾಗಿ ಈ ನಾಲ್ಕನೆಯದೇ.

ಈ ನಾಲ್ಕರಲ್ಲಿ ಯಾವುದೂ ಭೂಕಂಪವನ್ನು ಹುಟ್ಟಿಸುವುದಿಲ್ಲ. ಯಾವುದೂ ಮುಂದಿನ ಭೂಕಂಪದ ದಿನಾಂಕವನ್ನು ಹೇಳುವುದೂ ಇಲ್ಲ.

ಪ್ರತಿಧ್ವನಿ ಚಿತ್ರವಾಗುವ ಬಗೆ

ಸಂತೆಯಲ್ಲಿ ಗಡಿಗೆ ಕೊಳ್ಳುವವರು ಅದನ್ನು ಬೆರಳ ಗೆಣ್ಣಿನಿಂದ ಬಾರಿಸಿ ನೋಡುತ್ತಾರೆ. ಕರಾವಳಿಯವರು ಹಲಸಿನಕಾಯಿಯನ್ನು ತಟ್ಟಿ ಬಲಿತಿದೆಯೇ ಎಂದು ತಿಳಿಯುತ್ತಾರೆ. ಒಳಗೆ ಕೈ ಹಾಕದೆ ಒಳಗಿನ ಸಂಗತಿ ತಿಳಿಯುವ ಈ ಜಾಣ್ಮೆಯೇ ಪ್ರತಿಫಲನ ಸಮೀಕ್ಷೆಯ ಮೂಲ. ವ್ಯತ್ಯಾಸವಿಷ್ಟೆ: ಇಲ್ಲಿ ಒಂದು ಕಡೆಯಲ್ಲ, ಸಾವಿರಾರು ಕಡೆ ತಟ್ಟುತ್ತಾರೆ, ಪ್ರತಿ ತಟ್ಟಿಗೂ ನೂರಾರು ಕಿವಿಗಳನ್ನು ಇಡುತ್ತಾರೆ, ಸದ್ದಿನ ಗುಣವನ್ನಷ್ಟೇ ಅಲ್ಲ, ಅದು ಮರಳಲು ತೆಗೆದುಕೊಂಡ ಕಾಲವನ್ನು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಳೆಯುತ್ತಾರೆ.

ಆ ಕಿವಿಗಳ ಹೆಸರು ಜಿಯೋಫೋನ್. ನಗರದಲ್ಲಿ ತಟ್ಟುವ ಕೆಲಸವನ್ನು ಸಾಮಾನ್ಯವಾಗಿ ವೈಬ್ರೊಸೈಸ್ ಎಂಬ ಭಾರದ ಲಾರಿ ಮಾಡುತ್ತದೆ. ಅದರ ಹೊಟ್ಟೆಯಡಿಯ ದಪ್ಪ ಲೋಹದ ಫಲಕವನ್ನು ರಸ್ತೆಗೆ ಒತ್ತಿ, ಹತ್ತಿಪ್ಪತ್ತು ಸೆಕೆಂಡು ಕಾಲ ಕಂಪಿಸುತ್ತಾರೆ. ಕಂಪನ ಸೆಕೆಂಡಿಗೆ ಎಂಟು-ಹತ್ತು ಸಲದಿಂದ ಆರಂಭವಾಗಿ ಎಂಬತ್ತರ ಆಸುಪಾಸಿಗೆ ಏರುತ್ತದೆ. ಗಾಯಕರು ಒಂದೇ ಉಸಿರಿನಲ್ಲಿ ಮಂದ್ರದಿಂದ ತಾರಕ್ಕೆ ಹೋದ ಹಾಗೆ. ಯಂತ್ರಕ್ಕೆ ತಾನು ಹಾಡಿದ ಸ್ವರ ನಿಖರವಾಗಿ ಗೊತ್ತಿರುವುದರಿಂದ, ಮರಳಿ ಬಂದ ಗದ್ದಲದಲ್ಲಿ ಅದೇ ಸ್ವರವನ್ನು ಗಣಿತದಿಂದ ಹೆಕ್ಕಿ ತೆಗೆಯಬಹುದು. ಒಂದೇ ಪೆಟ್ಟಿನಲ್ಲಿ ಸ್ಫೋಟಿಸುವ ಬದಲು ಶಕ್ತಿಯನ್ನು ಕಾಲದಲ್ಲಿ ಹರಡುವುದೇ ಈ ವಿಧಾನದ ಗುಟ್ಟು. ಮನೆಗಳ ನಡುವೆ ಇದನ್ನು ಬಳಸಲು ಸಾಧ್ಯವಾಗಿರುವುದೂ ಅದರಿಂದಲೇ.

ಲೆಕ್ಕ ಸರಳ. ಗಟ್ಟಿ ಬಂಡೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 5 ಕಿ.ಮೀ. ಓಡುತ್ತದೆ. ಪ್ರತಿಧ್ವನಿ ಒಂದು ಸೆಕೆಂಡಿನ ನಂತರ ಬಂದರೆ, ಹೋಗಿ-ಬರುವ ದಾರಿಯನ್ನು ಎರಡು ಭಾಗ ಮಾಡಿ, ಅದು ತಗುಲಿದ ಪದರ 2.5 ಕಿ.ಮೀ. ಆಳದಲ್ಲಿದೆ ಎಂದು ತಿಳಿಯಬೇಕು. ಆದರೆ ವೇಗ ಎಲ್ಲೆಡೆ ಒಂದೇ ಅಲ್ಲ. ಮೇಲಿನ ಜೌಗು ಮಣ್ಣಿನಲ್ಲಿ ನಿಧಾನ, ಶಿಥಿಲ ಬಂಡೆಯಲ್ಲಿ ಮಧ್ಯಮ, ಅಚ್ಚ ಬಂಡೆಯಲ್ಲಿ ಜೋರು. ವೇಗದ ಅಂದಾಜು ತಪ್ಪಿದರೆ ಆಳವೂ ತಪ್ಪುತ್ತದೆ. ಹಾಗಾಗಿ ಒಂದಾದರೂ ಆಳದ ಕೊರೆತದ ಆಸರೆಯಿಲ್ಲದ ಪ್ರತಿಫಲನ ಚಿತ್ರವನ್ನು ಪೂರ್ತಿ ನಂಬುವ ಭೂವಿಜ್ಞಾನಿ ಇಲ್ಲ.

ಕರಿಗಲ್ಲು ಒಡ್ಡುವ ಕಷ್ಟ

ಮುಂಬಯಿಯ ಮಟ್ಟಿಗೆ ನಿಜವಾದ ತೊಡಕು ಇರುವುದು ಇಲ್ಲಿ. ನಗರ ಕುಳಿತಿರುವುದು ಆರರಿಂದ ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾದ ಮೇಲೆ. ಅಂಧೇರಿಯ ಗಿಲ್ಬರ್ಟ್ ಹಿಲ್‌ನಲ್ಲಿ ಕಂಬಗಳಂತೆ ನಿಂತಿರುವ ಕರಿಗಲ್ಲು, ಅಂದರೆ ಬಸಾಲ್ಟ್, ಆ ಕಾಲದ್ದು. ಲಾವಾ ಒಮ್ಮೆಗೇ ಉಕ್ಕಲಿಲ್ಲ. ಒಂದು ಹರಿವು ತಣಿದು, ಮಳೆ-ಬಿಸಿಲಿಗೆ ಮೇಲ್ಭಾಗ ಕೊಳೆತು ಕೆಂಪು ಮಣ್ಣಾಗಿ, ಅದರ ಮೇಲೆ ಮತ್ತೊಂದು ಹರಿವು. ನಡುನಡುವೆ ಜ್ವಾಲಾಮುಖಿಯ ಬೂದಿ, ಕೆರೆಯ ಕೆಸರು. ವರಳಿಯ ಅಂಥ ಕೆಸರಿನ ಪದರದಲ್ಲೇ ಪುರಾತನ ಕಪ್ಪೆಗಳ ಪಳೆಯುಳಿಕೆ ದೊರೆತದ್ದು.

ಪ್ರತಿಧ್ವನಿ ಹುಟ್ಟುವುದು ಎರಡು ಪದರಗಳ ಗುಣದಲ್ಲಿ ಅಂತರ ಇದ್ದಾಗ. ಅಂತರ ಅಳೆಯಲು ಬಂಡೆಯ ಸಾಂದ್ರತೆಯನ್ನು ಅಲೆಯ ವೇಗದಿಂದ ಗುಣಿಸುತ್ತಾರೆ. ಅಚ್ಚ ಬಸಾಲ್ಟಿನ ಸಾಂದ್ರತೆ 2.9, ವೇಗ 5.5 ಎಂದು ಹಿಡಿದರೆ ಗುಣಲಬ್ಧ ಹತ್ತಿರ ಹತ್ತಿರ 16. ಕೊಳೆತ ಕೆಂಪು ಪದರಕ್ಕೆ 2.2 ಮತ್ತು 2.5 ಎಂದು ಹಿಡಿದರೆ 5.5 ಮಾತ್ರ. ಇಷ್ಟು ಅಂತರವಿದ್ದಾಗ ಅಲೆಯ ಏರಿಳಿತದ ಸುಮಾರು ಅರ್ಧದಷ್ಟು ಅಲ್ಲಿಂದಲೇ ಹಿಂತಿರುಗುತ್ತದೆ. ಇಂಥ ಪದರಗಳು ಒಂದರ ಕೆಳಗೊಂದು ಇದ್ದರೆ ಪ್ರತಿಯೊಂದೂ ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆ. ಆಳಕ್ಕೆ ಇಳಿಯುವ ಶಕ್ತಿ ಕ್ಷೀಣಿಸುತ್ತ ಹೋಗುತ್ತದೆ. ಮೇಲಾಗಿ ಪ್ರತಿಧ್ವನಿಗಳು ಪದರಗಳ ನಡುವೆಯೇ ಚೆಂಡಿನಂತೆ ಪುಟಿದು, ಇಲ್ಲದ ಆಳದಲ್ಲಿ ಇಲ್ಲದ ಪದರಗಳನ್ನು ತೋರಿಸುತ್ತವೆ.

ಇನ್ನೊಂದು ವಿಚಿತ್ರ ಲಾವಾದ ತಳದಲ್ಲಿದೆ. ಕೆಳಗಿನ ಪುರಾತನ ಗ್ರಾನೈಟಿಗೆ ಸಾಂದ್ರತೆ 2.7, ವೇಗ 6 ಎಂದು ಹಿಡಿದರೆ ಗುಣಲಬ್ಧ 16.2. ಬಸಾಲ್ಟಿಗೂ ಇದಕ್ಕೂ ಅಂತರವೇ ಇಲ್ಲ ಎನ್ನಬೇಕು. ನೋಡುವ ಕಣ್ಣಿಗೆ ಒಂದು ಕಪ್ಪು, ಒಂದು ಬಿಳಿ. ಹುಟ್ಟಿದ ಕಾಲದಲ್ಲಿ ಇನ್ನೂರು ಕೋಟಿ ವರ್ಷಕ್ಕೂ ಹೆಚ್ಚಿನ ಅಂತರ. ಆದರೂ ಅಲೆಗೆ ಅವೆರಡೂ ಒಂದೇ. ಎರಡರ ನಡುವೆ ಮರಳಿನದೋ ಜೇಡಿಯದೋ ಪದರ ಸಿಕ್ಕಿಕೊಂಡಿದ್ದರೆ ಮಾತ್ರ ಒಳ್ಳೆಯ ಪ್ರತಿಧ್ವನಿ ಬರುತ್ತದೆ. ಲಾತೂರಿನ ಕಿಲ್ಲಾರಿಯಲ್ಲಿ 1993ರ ಭೂಕಂಪದ ನಂತರ ಕೊರೆದಾಗ 338 ಮೀಟರ್ ಲಾವಾದ ಕೆಳಗೆ ಅಂಥದ್ದೊಂದು ಪದರ ಸಿಕ್ಕಿತು. ದಪ್ಪ ಕೇವಲ 8 ಮೀಟರ್.

ವಕ್ರೀಭವನ ವಿಧಾನ ಈ ಕಷ್ಟವನ್ನು ಪರಿಹರಿಸುವುದಿಲ್ಲ. ಆಳಕ್ಕೆ ಹೋದಂತೆ ವೇಗ ಹೆಚ್ಚುತ್ತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ವೇಗದ ಲಾವಾದ ಕೆಳಗೆ ನಿಧಾನದ ಪದರ ಇದ್ದರೆ ಅದು ಆ ವಿಧಾನಕ್ಕೆ ಕಾಣುವುದೇ ಇಲ್ಲ. ಹಾಗಾಗಿ ಎರಡನ್ನೂ, ಜೊತೆಗೆ ಗುರುತ್ವ ಮತ್ತು ವಿದ್ಯುತ್-ಕಾಂತೀಯ ಅಳತೆಗಳನ್ನೂ ಕೂಡಿಸಿ ನೋಡಬೇಕಾಗುತ್ತದೆ.

ಕಾವಲಿಯಿಂದ ಉಡುಪಿಗೆ, ಕೊಯ್ನಾದಿಂದ ಗ್ರಾನೈಟಿಗೆ

ಈ ವಿದ್ಯೆ ಭಾರತಕ್ಕೆ ಹೊಸದಲ್ಲ. ಭೂಮಿಯ ಹೊರಪದರವನ್ನು ಅದರ ತಳದವರೆಗೆ ಕೃತಕ ಅಲೆಗಳಿಂದ ಅಳೆಯುವ ಕೆಲಸವನ್ನು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ 1972ರಲ್ಲಿ ಸೋವಿಯತ್ ವಿಜ್ಞಾನಿಗಳ ಸಹಕಾರದಿಂದ ಆರಂಭಿಸಿತು. ಮೊದಲ ರೇಖೆ ಹಾದದ್ದು ಎಲ್ಲಿ? ಪೂರ್ವ ಕರಾವಳಿಯ ಕಾವಲಿಯಿಂದ ಪಶ್ಚಿಮ ಕರಾವಳಿಯ ಉಡುಪಿಗೆ. ಮುಂಬಯಿಯಲ್ಲಿ ಹೋಟೆಲು ಕಟ್ಟಿದವರ ಊರು ಭಾರತದ ಆಳದ ಭೂಗರ್ಭ ನಕ್ಷೆಯ ಮೊದಲ ಸಾಲಿನ ಒಂದು ತುದಿ ಎಂಬುದು ನಮ್ಮವರಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ, ತಿಳಿದಿರಬೇಕಾದ ಸಂಗತಿ.

1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪದ ಕಾರಣವನ್ನು ಅರಿಯಲು ಗುಹಾಗರ-ಚೋರೋಚಿ ಮತ್ತು ಕೆಳಶಿ-ಲೋಣಿ ಎಂಬ ಎರಡು ರೇಖೆಗಳನ್ನು ಎಳೆದರು. ಹಳ್ಳಿಗಾಡಿನಲ್ಲಿ ಗುಂಡಿ ತೋಡಿ ಮದ್ದುಗುಂಡು ಸಿಡಿಸಿ ಅಲೆ ಹುಟ್ಟಿಸುವ ಕಾಲ ಅದು. ನಂತರ ಕೊಯ್ನಾದಲ್ಲಿ ನೇರವಾಗಿ ಕೊರೆದೇ ನೋಡಲಾಯಿತು: 2017ರಲ್ಲಿ ಮುಗಿದ 3 ಕಿ.ಮೀ. ಆಳದ ಕೊರೆತದಲ್ಲಿ 1,247 ಮೀಟರ್ ಲಾವಾ ದಾಟಿದ ಮೇಲೆ ಗ್ರಾನೈಟ್ ಸಿಕ್ಕಿತು. ಧಾರವಾಡದ ಹೆಸರು ಹೊತ್ತ ಪುರಾತನ ಶಿಲಾಭೂಮಿ ಲಾವಾದಡಿ ಉತ್ತರಕ್ಕೆ ಅಲ್ಲಿಯವರೆಗೂ ಹಬ್ಬಿದೆ ಎಂಬುದು ಹಲವು ಭೂವಿಜ್ಞಾನಿಗಳ ಅಭಿಪ್ರಾಯ.

ಸಮುದ್ರದ ಕಡೆ ನೋಡಿದರೆ, ಮುಂಬಯಿಯಿಂದ ಸುಮಾರು 160 ಕಿ.ಮೀ. ಪಶ್ಚಿಮದ ಬಾಂಬೆ ಹೈ ತೈಲಕ್ಷೇತ್ರ ಸಿಕ್ಕಿದ್ದೇ ಹಡಗಿನಿಂದ ನಡೆಸಿದ ಇಂಥ ಸಮೀಕ್ಷೆಗಳಿಂದ. 1974ರಲ್ಲಿ ಅಲ್ಲಿ ಎಣ್ಣೆ ಬಂತು. ಸುಣ್ಣಕಲ್ಲು, ಜೇಡಿಗಳ ಆ ಪದರಗಳು ಪ್ರತಿಧ್ವನಿಗೆ ಹೇಳಿ ಮಾಡಿಸಿದಂಥವು. ನಗರದ ಸುರಂಗಗಳಿಗಾಗಿ ನಡೆಯುವ ಪರೀಕ್ಷೆಗಳಿಗೂ ಎಣ್ಣೆಗೂ ಸಂಬಂಧವಿಲ್ಲ.

ಹೀಗೆ ಮೂರು ಬಗೆಯ ತಿಳಿವಳಿಕೆ ಕೂಡಿದೆ. ನಗರದ ಮೇಲಿನ ಐವತ್ತು-ನೂರು ಮೀಟರು ಕೊರೆತಗಳ ಮೂಲಕ ಅಲ್ಲಲ್ಲಿ ಗೊತ್ತಿದೆ. ದೂರದ ರೇಖೆಗಳಿಂದ ಹತ್ತಾರು ಕಿಲೋಮೀಟರ್ ಆಳದ ಹೊರಪದರದ ಅಂದಾಜಿದೆ. ನಡುವಿನದು, ಅಂದರೆ ಕೆಲವು ನೂರು ಮೀಟರಿನಿಂದ ಕೆಲವು ಕಿಲೋಮೀಟರಿನವರೆಗಿನ ಆಳ, ಮುಂಬಯಿಯ ಅಡಿಯಲ್ಲಿ ಮಸುಕಾಗಿಯೇ ಉಳಿದಿದೆ.

ಪನವೇಲ್‌ನಲ್ಲಿ ಭೂಮಿ ಬಾಗಿದೆಯೋ, ಮುರಿದಿದೆಯೋ

ಆ ಮಸುಕಿನಲ್ಲಿ ಒಂದು ನಿಜವಾದ ವೈಜ್ಞಾನಿಕ ವಾದ ಅಡಗಿದೆ. ಸಹ್ಯಾದ್ರಿಯ ಮೇಲೆ ಲಾವಾ ಪದರಗಳು ರೊಟ್ಟಿ ಅಟ್ಟಿಯಂತೆ ಹೆಚ್ಚುಕಡಿಮೆ ಮಟ್ಟಸವಾಗಿವೆ. 1,646 ಮೀಟರ್ ಎತ್ತರದ ಕಳಸೂಬಾಯಿಯ ಬಂಡೆಯಲ್ಲಿ ಆ ಮಟ್ಟಸವಾದ ಸಾಲುಗಳನ್ನು ದೂರದಿಂದಲೇ ಎಣಿಸಬಹುದು. ಘಟ್ಟ ಇಳಿದು ಪನವೇಲ್ ಸುತ್ತಮುತ್ತ ಬರುವಷ್ಟರಲ್ಲಿ ಅದೇ ಪದರಗಳು ಪಶ್ಚಿಮಕ್ಕೆ, ಸಮುದ್ರದ ಕಡೆಗೆ ವಾಲುತ್ತವೆ. ಕರಾವಳಿಗೆ ಸಮಾನಾಂತರವಾಗಿ ಉತ್ತರ-ದಕ್ಷಿಣ ಸಾಗುವ ಈ ವಾಲುವಿಕೆಗೆ ಪನವೇಲ್ ಬಾಗು ಎಂದು ಹೆಸರು.

ಇದರ ಪರಿಣಾಮವನ್ನು ಲೆಕ್ಕದಲ್ಲಿ ನೋಡಿ. ಪದರ 10 ಡಿಗ್ರಿ ವಾಲಿದ್ದರೆ, ಪೂರ್ವದಲ್ಲಿ ನೆಲದ ಮೇಲೆ ಕಾಣುವ ಬಂಡೆ 10 ಕಿ.ಮೀ. ಪಶ್ಚಿಮಕ್ಕೆ ಹೋಗುವಷ್ಟರಲ್ಲಿ 1.7 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿರುತ್ತದೆ. ವಾಲು ಹೀಗೆಯೇ ಮುಂದುವರಿದರೆ ಮುಂಬಯಿಯ ಕೆಳಗೆ ಲಾವಾ ಬಹಳ ದಪ್ಪ ಇರಬೇಕು. ಅಥವಾ ನಡುವೆ ಎಲ್ಲೋ ಬಂಡೆ ಮುರಿದು, ತುಂಡುಗಳು ಮೆಟ್ಟಿಲಿನಂತೆ ಮೇಲೆ-ಕೆಳಗೆ ಸರಿದು, ಒಂದೇ ಪದರ ಮತ್ತೆ ಮತ್ತೆ ಮೇಲೆ ಕಾಣುತ್ತಿರಬೇಕು.

ಭೂವಿಜ್ಞಾನಿಗಳು ಇಲ್ಲಿಯೇ ಎರಡಾಗುತ್ತಾರೆ. ಸೆಶೆಲ್ಸ್ ಭೂಭಾಗ ಭಾರತದಿಂದ ಬೇರ್ಪಟ್ಟಾಗ ಕರಾವಳಿಯ ಅಂಚು ಕುಸಿದು ಹೊರಪದರ ಬಾಗಿತು ಎನ್ನುವವರು ಒಂದು ಕಡೆ. ಕೆಳಗೆ ಬಿಲ್ಲಿನಂತೆ ಬಾಗಿದ ಸ್ತರಭಂಗಗಳು, ಅಂದರೆ ಬಂಡೆ ಮುರಿದು ಸರಿದ ಬಿರುಕುಗಳು ಇವೆ, ಅವುಗಳಗುಂಟ ಬಂಡೆಯ ದೊಡ್ಡ ತುಂಡುಗಳು ಜಾರಿ ಹಿಮ್ಮುಖವಾಗಿ ವಾಲಿವೆ ಎನ್ನುವವರು ಇನ್ನೊಂದು ಕಡೆ. ವಜ್ರೇಶ್ವರಿ, ಗಣೇಶಪುರಿಯ ಬಿಸಿನೀರಿನ ಬುಗ್ಗೆಗಳನ್ನು ನಿತ್ಯಾನಂದ ಸ್ವಾಮಿಗಳ ದರ್ಶನಕ್ಕೆ ಹೋಗುವ ಕನ್ನಡಿಗ, ತುಳು ಭಕ್ತರೆಲ್ಲ ಬಲ್ಲರು. ನೀರು ಆಳಕ್ಕೆ ಇಳಿದು, ಕಾದು, ಮತ್ತೆ ಮೇಲೆ ಬರಲು ಬಿರುಕುಗಳ ದಾರಿ ಬೇಕು ಎಂಬುದಕ್ಕೆ ಆ ಬುಗ್ಗೆಗಳು ಸಾಕ್ಷಿ. ಆದರೆ ಆ ಬಿರುಕು ಎಷ್ಟು ಆಳ, ಯಾವ ದಿಕ್ಕು ಎಂಬುದನ್ನು ಬುಗ್ಗೆ ಹೇಳಲಾರದು.

ಪ್ರತಿಫಲನ ಸಮೀಕ್ಷೆ ಬೆಲೆಬಾಳುವುದು ಇಂಥ ವಾದದಲ್ಲಿ. ಬಾಗು ನಿಜವಾದರೆ ಚಿತ್ರದಲ್ಲಿ ಪದರಗಳ ಗೆರೆಗಳು ಕಡಿಯದೆ ಬಗ್ಗಿಕೊಂಡು ಹೋಗುತ್ತವೆ. ಸ್ತರಭಂಗ ನಿಜವಾದರೆ ಗೆರೆಗಳು ತಟ್ಟನೆ ಕಡಿದು ಬೇರೆ ಆಳದಲ್ಲಿ ಮುಂದುವರಿಯುತ್ತವೆ. ಕರಿಗಲ್ಲಿನ ಕಷ್ಟವಿದ್ದರೂ ಕೆಂಪು ಪದರಗಳ ಜೋರು ಪ್ರತಿಧ್ವನಿ ಇಲ್ಲಿ ಉಪಕಾರಕ್ಕೇ ಬರುತ್ತದೆ; ಅವೇ ಗುರುತಿನ ಗೆರೆಗಳಾಗುತ್ತವೆ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಸ್ತರಭಂಗ ಕಂಡ ಮಾತ್ರಕ್ಕೆ ಅಪಾಯ ಎಂದಲ್ಲ. ಆರು ಕೋಟಿ ವರ್ಷಗಳಿಂದ ಅಲುಗದೆ ಬಿದ್ದಿರುವ ಬಿರುಕೂ ಚಿತ್ರದಲ್ಲಿ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಅದು ಜೀವಂತವೇ ಎಂದು ತಿಳಿಯಲು ಇತ್ತೀಚಿನ ಮಣ್ಣಿನ ಪದರಗಳು ಅದರ ಮೇಲೆ ಸರಿದಿವೆಯೇ ಎಂದು ನೋಡಬೇಕು, ವರ್ಷಗಟ್ಟಲೆ ಸಣ್ಣ ಕಂಪನಗಳನ್ನು ದಾಖಲಿಸಬೇಕು. 2016ರ ಭೂಕಂಪ ವಲಯಗಳ ಪಟ್ಟಿಯಲ್ಲಿ ಮುಂಬಯಿ ಮಧ್ಯಮ ಅಪಾಯದ ಮೂರನೆಯ ವಲಯದಲ್ಲಿದೆ. 1983ರಲ್ಲಿ ಥಾಣೆ ಜಿಲ್ಲೆಯ ಭಾತ್ಸಾ ಜಲಾಶಯದ ಸುತ್ತ ನೆಲ ಕಂಪಿಸಿತ್ತು. ಪನವೇಲ್‌ನ ಸುತ್ತ ಈಗ ಬೆಳೆಯುತ್ತಿರುವುದೇನು? ಹೊಸ ವಿಮಾನ ನಿಲ್ದಾಣ, 2024ರಲ್ಲಿ ತೆರೆದ ಅಟಲ್ ಸೇತುವಿನ ಆಚೆ ಬದಿಯ ಹೊಸ ಪಟ್ಟಣಗಳು. ಬಾಗಿನ ಮೇಲೆಯೇ ಮತ್ತೊಂದು ಮುಂಬಯಿ ಏಳುತ್ತಿರುವಾಗ ವಾದವನ್ನು ವಿದ್ವಾಂಸರ ಗೋಷ್ಠಿಗಳಿಗೆ ಬಿಟ್ಟು ಸುಮ್ಮನಿರುವುದು ಸರಿಯಲ್ಲ.

ಟೋಕಿಯೊ, ಮ್ಯೂನಿಕ್, ಬಾಸೆಲ್

ಜನನಿಬಿಡ ನಗರದಲ್ಲಿ ಇದು ಸಾಧ್ಯವೇ ಎನ್ನುವವರಿಗೆ ಟೋಕಿಯೊ ಉತ್ತರ. ಈ ಶತಮಾನದ ಆರಂಭದಲ್ಲಿ ಆ ಮಹಾನಗರ ಪ್ರದೇಶದಲ್ಲಿ ಪ್ರತಿಫಲನ ರೇಖೆಗಳನ್ನು ಎಳೆದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಗರದ ಕೆಳಗೆ ನುಗ್ಗುತ್ತಿರುವ ಫಿಲಿಪ್ಪೀನ್ ಸಮುದ್ರ ಫಲಕದ (ಭೂಮಿಯ ಹೊರಚಿಪ್ಪಿನ ಒಂದು ದೊಡ್ಡ ತುಂಡಿನ) ಮೇಲ್ಭಾಗ 4ರಿಂದ 26 ಕಿ.ಮೀ. ಆಳದಲ್ಲಿದೆ, ಅಲ್ಲಿಯವರೆಗೆ ನಂಬಿದ್ದಕ್ಕಿಂತ ಮೇಲೆ. ಫಲಕ ಮೇಲಿದ್ದಷ್ಟೂ ಅದು ಜಾರಿದಾಗ ನಗರಕ್ಕೆ ತಗಲುವ ನಡುಕ ಹೆಚ್ಚು. ಒಂದು ಸಮೀಕ್ಷೆ ಇಡೀ ಅಪಾಯದ ಲೆಕ್ಕವನ್ನೇ ಬದಲಿಸಿತು.

ಮ್ಯೂನಿಕ್ ನಗರ ಸಮೀಕ್ಷೆ ನಡೆಸಿದ್ದು ಬೇರೆ ಕಾರಣಕ್ಕೆ. ಎರಡು-ಮೂರು ಕಿ.ಮೀ. ಆಳದ ಸುಣ್ಣಕಲ್ಲಿನಲ್ಲಿರುವ ಬಿಸಿನೀರಿನಿಂದ ಮನೆಗಳನ್ನು ಬೆಚ್ಚಗಿಡಲು. 2015-16ರ ಚಳಿಗಾಲದಲ್ಲಿ ಕಂಪನದ ಲಾರಿಗಳು ನಗರದ ದಕ್ಷಿಣ ಭಾಗದ ಬೀದಿಗಳಲ್ಲಿ ಸುತ್ತಿದವು.

ಬಾಸೆಲ್‌ನ ಕಥೆಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೆದರಿಕೆಯ ಮಾತುಗಳಿಗೆ ಅದೇ ಆಧಾರವಾಗುತ್ತದೆ. ಸ್ವಿಟ್ಜರ್ಲೆಂಡಿನ ಆ ನಗರದಡಿ 2006ರ ಡಿಸೆಂಬರ್‌ನಲ್ಲಿ 3.4 ತೀವ್ರತೆಯ ಕಂಪನವನ್ನು ಮನುಷ್ಯರೇ ಎಬ್ಬಿಸಿದ್ದು ನಿಜ. ಆದರೆ ಅಲ್ಲಿ ನಡೆದದ್ದು ಸಮೀಕ್ಷೆಯಲ್ಲ. ಶಾಖ ತೆಗೆಯಲು ಸುಮಾರು 5 ಕಿ.ಮೀ. ಆಳದ ಬಂಡೆಗೆ ಭಾರಿ ಒತ್ತಡದಲ್ಲಿ ನೀರು ನುಗ್ಗಿಸಿದ್ದರು. ನೀರಿನ ಒತ್ತಡ ಹಳೆಯ ಬಿರುಕುಗಳ ಹಿಡಿತವನ್ನು ಸಡಿಲಿಸಿತು, ಬಂಡೆ ಜಾರಿತು. ಯೋಜನೆಯನ್ನು ನಂತರ ಕೈಬಿಡಲಾಯಿತು. ತಟ್ಟಿ ಕೇಳುವುದಕ್ಕೂ ಸೀಳಿ ನೀರು ತುಂಬುವುದಕ್ಕೂ ಇರುವ ವ್ಯತ್ಯಾಸವನ್ನು ಮರೆತು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಮ್ಮ ಕಟ್ಟಡದ ಗೋಡೆ

ಆದರೂ ಕಟ್ಟಡದ ಚಿಂತೆಯನ್ನು ತಳ್ಳಿಹಾಕುವಂತಿಲ್ಲ. ಲಾರಿ ಕಂಪಿಸುವ ಜಾಗದಿಂದ ಕೆಲವೇ ಮೀಟರ್ ದೂರದಲ್ಲಿ ಗೋಡೆಯಿದ್ದರೆ ಅದಕ್ಕೆ ನಡುಕ ತಗುಲುತ್ತದೆ. ಅಳತೆ ನೆಲದ ಕಣಗಳು ಓಡುವ ವೇಗದಲ್ಲಿ. ಜರ್ಮನಿಯ ಮಾನದಂಡ ವಾಸದ ಮನೆಗಳ ಅಡಿಪಾಯಕ್ಕೆ ನಿಧಾನಗತಿಯ ಕಂಪನದಲ್ಲಿ ಸೆಕೆಂಡಿಗೆ 5 ಮಿಲಿಮೀಟರ್, ಪಾರಂಪರಿಕ ಕಟ್ಟಡಗಳಿಗೆ 3 ಮಿಲಿಮೀಟರ್ ಮಿತಿ ಹೇಳುತ್ತದೆ. ಭಾರತದಲ್ಲಿ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಸ್ಫೋಟಗಳಿಗಾಗಿ ಹೊರಡಿಸಿದ ಸುತ್ತೋಲೆ, ಸೆಕೆಂಡಿಗೆ ಎಂಟಕ್ಕಿಂತ ಕಡಿಮೆ ಸಲ ಕಂಪಿಸುವ ಅಲೆಗಳಿಗೆ ಇತರರ ವಾಸದ ಮನೆಗಳ ಬಳಿ 5, ಐತಿಹಾಸಿಕ ಕಟ್ಟಡಗಳ ಬಳಿ 2 ಮಿಲಿಮೀಟರ್ ಎಂದು ನಿಗದಿ ಮಾಡಿದೆ. ಲಾರಿಯ ಬಲವನ್ನು ತಗ್ಗಿಸುವುದು ಒಂದು ತಿರುಪು ತಿರುಗಿಸಿದಷ್ಟು ಸುಲಭ. ಗೋಡೆಯ ಬುಡದಲ್ಲಿ ಮಾಪಕ ಇಟ್ಟು, ಮಿತಿ ಮುಟ್ಟುವ ಮೊದಲೇ ನಿಲ್ಲಿಸಬಹುದು.

ಗಿರಗಾಂವ್‌ನ ಚಾಳುಗಳ ಓಣಿಗೆ ಇಪ್ಪತ್ತು ಟನ್ನಿನ ಲಾರಿ ಹೋಗುವುದೇ ಇಲ್ಲ. ಅಲ್ಲಿ ಸಣ್ಣ ಯಂತ್ರಗಳು, ತಂತಿಯಿಲ್ಲದ ಪುಟ್ಟ ಜಿಯೋಫೋನ್‌ಗಳು ಬೇಕು. ಹಗಲಿನ ಗದ್ದಲದಲ್ಲಿ ಪ್ರತಿಧ್ವನಿ ಕೇಳುವುದೂ ಕಷ್ಟ. ಲೋಕಲ್ ರೈಲುಗಳು ಮಲಗುವ ರಾತ್ರಿ ಒಂದರಿಂದ ನಾಲ್ಕರ ಮೂರು ಗಂಟೆಯೇ ಈ ಕೆಲಸಕ್ಕೆ ಸಿಗುವ ಹೊತ್ತು. ಆ ಹೊತ್ತಿನಲ್ಲಿ ಕಿಟಕಿ ಗದಗುಟ್ಟಿದರೆ ಜನ ಬೆಚ್ಚಿಬೀಳುತ್ತಾರೆ. ಹಾಗಾಗಿ ವಾರ ಮೊದಲೇ ಸೊಸೈಟಿಗಳಿಗೆ ಮರಾಠಿ, ಹಿಂದಿ, ಗುಜರಾತಿ, ಕನ್ನಡಗಳಲ್ಲಿ ತಿಳಿಸುವುದು, ಈಗಾಗಲೇ ಇರುವ ಬಿರುಕುಗಳನ್ನು ನಿವಾಸಿಗಳ ಎದುರಿನಲ್ಲೇ ಚಿತ್ರ ತೆಗೆದು ಸಹಿ ಹಾಕಿಸುವುದು, ಮಾಪಕದ ಅಂಕಿಗಳನ್ನು ಅವರಿಗೆ ಕೊಡುವುದು ನಿವಾಸಿಗಳ ಹಕ್ಕು.

ಎಂಜಿನಿಯರರ ಆಕ್ಷೇಪ, ಅದಕ್ಕಿರುವ ಬಲ

ಸುರಂಗ ಎಂಜಿನಿಯರರ ವಾದ ನೇರವಾಗಿದೆ: ನಮ್ಮ ಸುರಂಗ ಇರುವುದು ಬಹುಪಾಲು 20ರಿಂದ 60 ಮೀಟರ್ ಆಳದಲ್ಲಿ, ಎರಡು ಕಿ.ಮೀ. ಆಳದ ಚಿತ್ರ ನಮಗೇಕೆ? ಈ ವಾದದಲ್ಲಿ ಸತ್ಯವಿದೆ. ಸೆಕೆಂಡಿಗೆ 50 ಸಲ ಕಂಪಿಸುವ ಅಲೆ ಗಟ್ಟಿ ಬಂಡೆಯಲ್ಲಿ 100 ಮೀಟರ್ ಉದ್ದದ್ದು. ಅದು ಬೇರ್ಪಡಿಸಿ ತೋರಿಸಬಲ್ಲ ಪದರದ ದಪ್ಪ ಸುಮಾರು ಅದರ ಕಾಲು ಭಾಗ, 25 ಮೀಟರ್. ಸುರಂಗ ಕೊರೆಯುವ ಯಂತ್ರದ ಹಲ್ಲು ಮುರಿಯಬಲ್ಲ ಎರಡು ಮೀಟರಿನ ಸಡಿಲ ಪಟ್ಟಿ ಅದಕ್ಕೆ ಕಾಣುವುದಿಲ್ಲ. ಮುಂಬಯಿಯ ಬಂಡೆಯನ್ನು ನೆಟ್ಟಗೆ ಸೀಳಿ ನಿಂತಿರುವ ಶಿಲಾಗೋಡೆಗಳು, ಅಂದರೆ ಡೈಕ್‌ಗಳು, ಮೇಲಿಂದ ಬರುವ ಅಲೆಗೆ ಮುಖವನ್ನೇ ಕೊಡುವುದಿಲ್ಲ.

ಕಟ್ಟಡ ಸುರಕ್ಷತೆಯ ಮಟ್ಟಿಗೂ ಮೊದಲ ಮೂವತ್ತು ಮೀಟರೇ ಹೆಚ್ಚು ಮುಖ್ಯ. 2001ರ ಭುಜ್ ಭೂಕಂಪದಲ್ಲಿ ಇನ್ನೂರು ಕಿ.ಮೀ.ಗೂ ಹೆಚ್ಚು ದೂರದ ಅಹ್ಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ನದಿಯ ಸಡಿಲ ಮಣ್ಣು ನಡುಕವನ್ನು ಹೆಚ್ಚಿಸಿದ್ದು ಅದಕ್ಕೆ ಒಂದು ಕಾರಣ. ಏಳು ದ್ವೀಪಗಳ ನಡುವಿನ ಸಮುದ್ರ ತುಂಬಿ ಮಾಡಿದ ನಗರಕ್ಕೆ ಆ ಪಾಠ ನೇರವಾಗಿ ಅನ್ವಯಿಸುತ್ತದೆ.

ಆದರೆ ಎಂಜಿನಿಯರರ ಕೊರೆತಗಳಿಗೂ ಮಿತಿ ಇದೆ. ಅಂಗೈ ಅಗಲದ ರಂಧ್ರ ತನ್ನ ಜಾಗದ ಸತ್ಯವನ್ನಷ್ಟೇ ಹೇಳುತ್ತದೆ. ಎರಡು ರಂಧ್ರಗಳ ನಡುವೆ ಎಳೆದ ಗೆರೆ ಊಹೆ. ಆಳದ ರಚನೆ ತಿಳಿದಿದ್ದರೆ ಊಹೆಗೆ ದಾರಿ ಸಿಗುತ್ತದೆ: ಪದರ ಯಾವ ಕಡೆ ವಾಲುತ್ತದೆ, ಮುರಿತ ಎಲ್ಲಿಂದ ಬರುತ್ತಿದೆ, ನೀರು ಯಾವ ಕಡೆಯಿಂದ ನುಗ್ಗಬಹುದು. ಇನ್ನು ಗುಟ್ಟಿನ ಪ್ರಶ್ನೆ. ನೌಕಾನೆಲೆಯೂ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರವೂ ಇರುವ ನಗರದ ಒಡಲನ್ನು ಬಯಲು ಮಾಡಬಹುದೇ ಎಂದು ಕೇಳುವವರಿದ್ದಾರೆ. ಅಂಥ ಪ್ರದೇಶಗಳನ್ನು ಹೊರಗಿಡಬಹುದು. ಅದನ್ನೇ ನೆಪ ಮಾಡಿ ಘಾಟ್ಕೋಪರದ ಬಂಡೆಯನ್ನೂ ಗುಟ್ಟಾಗಿಡಬೇಕಾಗಿಲ್ಲ.

ಒಂದು ಕೊಳವೆಬಾವಿ, ಇಡೀ ನಗರದ ನೀರು

ನಕ್ಷೆ ಹಂಚಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಥಾಣೆಯಲ್ಲಿ ಯಾರೋ ಕೊರೆಸಿದ ಕೊಳವೆಬಾವಿ ಮುಂಬಯಿಗೆ ನೀರು ತರುವ ಮಹಾನಗರಪಾಲಿಕೆಯ ಭೂಗತ ಸುರಂಗವನ್ನು ತೂತು ಮಾಡಿತು. ದುರಸ್ತಿಗಾಗಿ 2023ರ ಮಾರ್ಚ್ 31ರಿಂದ ಒಂದು ತಿಂಗಳು ನಗರದಲ್ಲಿ ಶೇಕಡಾ 15ರಷ್ಟು ನೀರು ಕಡಿತ ಘೋಷಣೆಯಾಯಿತು. ಆ ಸುರಂಗ ಎಲ್ಲಿದೆ ಎಂದು ಕಟ್ಟಿದವರಿಗೆ ಗೊತ್ತಿತ್ತು. ಕೊರೆಯುವವರ ಕೈಯಲ್ಲಿ ಆ ತಿಳಿವಳಿಕೆ ಇರಲಿಲ್ಲ. ಇಲ್ಲಿ ಸೋತದ್ದು ವಿಜ್ಞಾನವಲ್ಲ, ದಾಖಲೆಯ ವಿತರಣೆ.

ನೆದರ್‌ಲೆಂಡ್ಸ್‌ನಲ್ಲಿ 2018ರಿಂದ ಸರ್ಕಾರಿ ಸಂಸ್ಥೆಗಳು ತಮ್ಮ ಭೂಗರ್ಭ ಮಾಹಿತಿಯನ್ನು ರಾಷ್ಟ್ರೀಯ ದಾಖಲೆಗೆ ಒಪ್ಪಿಸಲೇಬೇಕೆಂಬ ಕಾನೂನಿದೆ. ಜರ್ಮನಿ 2020ರಲ್ಲಿ ಭೂವಿಜ್ಞಾನ ದತ್ತಾಂಶಕ್ಕಾಗಿಯೇ ಕಾನೂನು ತಂದಿತು. ಭಾರತವೂ 2023ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರವನ್ನು ತೆರೆದಿದೆ. ಅದರ ಗುರಿ ಮುಖ್ಯವಾಗಿ ಖನಿಜ ಶೋಧನೆ. ಮೆಟ್ರೊ, ಸುರಂಗ ರಸ್ತೆ, ಬುಲೆಟ್ ರೈಲು, ನೀರಿನ ಸುರಂಗ, ಗೋಪುರಗಳ ಅಡಿಪಾಯ ಇವೆಲ್ಲದರ ಕೊರೆತದ ವರದಿಗಳನ್ನೂ ಅದೇ ಭಂಡಾರಕ್ಕೆ ಒಪ್ಪಿಸುವುದನ್ನು ಟೆಂಡರಿನ ಷರತ್ತಾಗಿಸಿದರೆ ಹೊಸ ಖರ್ಚಿಲ್ಲದೆಯೇ ಮೇಲಿನ ನೂರು ಮೀಟರಿನ ನಕ್ಷೆ ಹುಟ್ಟುತ್ತದೆ. ಮೊದಲ ಕೆಲಸ ಅದೇ ಆಗಬೇಕು. ಎರಡನೆಯದು, ಸಮುದ್ರ ತುಂಬಿದ ಪ್ರದೇಶಗಳಲ್ಲಿ ಮೇಲ್ಪದರದ ಪರೀಕ್ಷೆ. ಅದಾದ ಮೇಲೆ ಕರಾವಳಿಯಿಂದ ಪನವೇಲ್ ಬಾಗನ್ನು ದಾಟಿ ಘಟ್ಟದ ಬುಡದವರೆಗೆ ಒಂದೇ ಒಂದು ಆಳದ ಪ್ರತಿಫಲನ ರೇಖೆ, ಅದನ್ನು ತಾಳೆ ನೋಡಲು ಒಂದು ಆಳದ ಕೊರೆತ. ಇಡೀ ನಗರಕ್ಕೆ ಮೂರು ಆಯಾಮದ ಸಮೀಕ್ಷೆ ಈಗ ಬೇಕಿಲ್ಲ. ಆ ಹಣಕ್ಕೆ ತಕ್ಕ ಪ್ರಶ್ನೆ ಇನ್ನೂ ನಮ್ಮ ಮುಂದಿಲ್ಲ. ಪರಿಣತರಿಗೆ ಕೊರತೆಯಿಲ್ಲ: ಭೂಕಾಂತತ್ವ ಸಂಸ್ಥೆ ಪನವೇಲ್‌ನಲ್ಲೇ ಇದೆ, ಐಐಟಿ ಪವಾಯಿಯಲ್ಲಿದೆ, ಕಾವಲಿ-ಉಡುಪಿ ರೇಖೆ ಎಳೆದ ಸಂಸ್ಥೆ ಹೈದರಾಬಾದಿನಲ್ಲಿದೆ.

ಕಾಲ ಮಾತ್ರ ಕಾಯುತ್ತಿಲ್ಲ. ಬುಲೆಟ್ ರೈಲಿನ ಸುರಂಗದಲ್ಲಿ ಘಣಸೋಲಿಯಿಂದ ಶಿಳ್‌ಫಾಟಾದವರೆಗಿನ ಸುಮಾರು 5 ಕಿ.ಮೀ. ಭಾಗವನ್ನು ಸ್ಫೋಟಿಸಿ ಅಗೆದರು. ಈ ವಿಧಾನದಲ್ಲಿ ಪ್ರತಿ ಸ್ಫೋಟದ ನಂತರ ಬಂಡೆಯ ಹೊಸ ಮುಖ ಬರಿಗಣ್ಣಿಗೆ ಕಾಣುತ್ತದೆ. ಭೂವಿಜ್ಞಾನಿ ಅದರ ಎದುರು ನಿಂತು ಪದರದ ವಾಲು, ಬಿರುಕಿನ ದಿಕ್ಕು, ನೀರು ಜಿನುಗುವ ಜಾಗವನ್ನು ಹಾಳೆಯ ಮೇಲೆ ಬರೆದುಕೊಳ್ಳುತ್ತಾರೆ. ಕೆಲವೇ ಗಂಟೆಗಳಲ್ಲಿ ಆ ಮುಖದ ಮೇಲೆ ಕಾಂಕ್ರೀಟ್ ಸಿಂಪಡಿಸುತ್ತಾರೆ. ಆಮೇಲೆ ಆ ಬಂಡೆಯ ಬಗ್ಗೆ ಉಳಿಯುವುದು ಆ ಹಾಳೆ ಮಾತ್ರ.